ಹಿತ್ತಲ ಹುಣಸೆಯ ಬಾವಲಿಗಳು

ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ತಪ್ಪು ಕಿವಿಗೆ ಬಿದ್ದರೆ ತಿದ್ದಬೇಕು, ಇಲ್ಲದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಂಡಿಪೇಟೆಯಲ್ಲಿ ಬೇಳೆ ಕಟ್ಟಿಕೊಡುವವರನ್ನೂ ಬಿಟ್ಟವಳಲ್ಲ. ಹಣ್ಣು ತಿನ್ನುವ ದೊಡ್ಡ ಬಾವಲಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅದು ಹಕ್ಕಿಯಲ್ಲ, ಮರಿಗೆ ಮೊಲೆಯೂಡಿಸುತ್ತದೆ, ಹೆರುವುದು ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ. ತಲೆಕೆಳಗಾಗಿ ನೇತಾಡಲು ಅದು ಕಷ್ಟಪಡಬೇಕಿಲ್ಲ. ಮೈಭಾರಕ್ಕೇ ಕಾಲಿನ ಉಗುರು ಕೊಂಬೆಗೆ ಬಿಗಿದುಕೊಳ್ಳುತ್ತದೆ. ಹಾಗಾಗಿ ಸತ್ತ ಮೇಲೂ ಎಷ್ಟೋ ಸಲ ಹಾಗೆಯೇ ನೇತಾಡುತ್ತಿರುತ್ತದೆ. ಈ ಮಾತು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈ ಹುಚ್ಚು ನನಗೆ ಹತ್ತಿದ್ದು ಭಾನುವಳ್ಳಿಯ ಅಕ್ಕನ ಮನೆಯಲ್ಲಿ. ಹಿತ್ತಲಲ್ಲೊಂದು ಹುಣಸೆ ಮರ, ಅದರ ತುಂಬ ಬಾವಲಿ. ಬೇಸಿಗೆ ರಜೆಗೆ ಹೋದಾಗಲೆಲ್ಲ ಸಂಜೆ ಭಾವನ ಜೊತೆ ಕಾಲುವೆ ಏರಿಯ ಮೇಲೆ ಕೂರುತ್ತಿದ್ದೆ. ಬಾವಲಿಗಳು ಹಾರುತ್ತಲೇ ನೀರಿಗೆ ಎದೆ ತಾಗಿಸಿ ಹೋಗುವುದನ್ನು, ಆಮೇಲೆ ಒದ್ದೆ ತುಪ್ಪಳ ನೆಕ್ಕಿ ದಾಹ ತೀರಿಸಿಕೊಳ್ಳುವುದನ್ನು ನನಗೆ ತೋರಿಸಿದವರು ಭಾವನೇ. ಆ ಓಣಿಯಲ್ಲಿ ದೀಪಾವಳಿಗೆ ಪಟಾಕಿ ಹೊಡೆಯುವುದಿಲ್ಲ. ಬಾವಲಿ ಬೆದರುತ್ತವೆ ಎಂದು ಭಾವನ ಅಜ್ಜ ಹಾಕಿದ ಕಟ್ಟುಪಾಡು ಅದು. ಮಕ್ಕಳು ಸುರಸುರಬತ್ತಿ ಹಚ್ಚಿಕೊಂಡು ಸಮಾಧಾನಪಡುತ್ತವೆ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಹೆಣ್ಣುಮಗು. ಬಾಣಂತಿ ಕೋಣೆಯ ಕಿಟಕಿ ತೆರೆದರೆ ಹುಣಸೆ ಮರವೇ. ಅದೇ ಹೊತ್ತಿಗೆ ಟಿವಿಯಲ್ಲಿ ಕೇರಳದ ಜ್ವರದ ಸುದ್ದಿ, ಅದು ಬಾವಲಿಯಿಂದ ಬರುತ್ತದೆಂಬ ಮಾತು. ಸಾರಥಿ ಊರಿನ ಬೀಗರು ಭಾವನಿಗೆ ಫೋನ್ ಮಾಡಿದರು.

"ಬಾವಲಿ ಮರದ ಬುಡಕ್ಕ ನಮ್ಮ ಕೂಸಿನ್ನ ಮಲಗಿಸೀರೇನ್ರಿ? ಆ ಮರ ಇರಾತನಕ ನಾವು ತೊಟ್ಟಿಲಿಗೆ ಬರಲ್ಲ. ತಾಯಿ, ಕೂಸು ಇಬ್ರನ್ನೂ ಕರ್ಕೊಂಡು ಹೋಗ್ತೀವಿ."

ಅಕ್ಕ ನನ್ನನ್ನು ಕರೆಸಿಕೊಂಡಳು. ಓದಿದವಳು ಹೇಳಿದರೆ ಬೀಗರು ಕೇಳಿಯಾರು ಎಂಬ ಆಸೆ ಅವಳಿಗೆ. ಹರಿಹರದಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ನಾನು ಇಡೀ ಪಾಠ ಸಿದ್ಧಮಾಡಿಕೊಂಡಿದ್ದೆ. ಪಡಸಾಲೆಯಲ್ಲಿ ಬೀಗರು ಕೂತಿದ್ದರು. ನಾನು ಎಲ್ಲ ಹೇಳಿದೆ. ಬಾವಲಿ ಬೀಜ ಹರಡುವುದು, ಹೂವಿಗೆ ಪರಾಗ ಮುಟ್ಟಿಸುವುದು, ಅಷ್ಟು ವರ್ಷದಿಂದ ಅದೇ ಮರದ ಕೆಳಗೆ ಬಾಳಿದ ಈ ಮನೆಯವರಿಗೆ ಏನೂ ಆಗದಿರುವುದು. ಬೀಗಿತಿ ತಾಳ್ಮೆಯಿಂದ ಕೇಳಿ ಒಂದೇ ಮಾತು ಕೇಳಿದರು.

"ರೋಗ ಬರಾದೇ ಇಲ್ಲ ಅಂತೀರೇನ್ರಿ ಟೀಚರೇ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಬಹಳ ಅಪರೂಪ, ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅಷ್ಟು ನೋಡಿಕೊಂಡರೆ ಸಾಕು ಎಂದೆ.

"ಅಂದ್ರ ಬರ್ತೈತೆ," ಎಂದು ಅವರು ಸೆರಗು ಹೊದ್ದುಕೊಂಡು ಎದ್ದರು.

ಟೊಂಗೆಗಳನ್ನೆಲ್ಲ ಕೊಯ್ಯಿಸುವುದೆಂದು ತೀರ್ಮಾನವಾಯಿತು. ಆ ದಿನ ಭಾವನ ಮುಖ ನೋಡಲಾಗುತ್ತಿರಲಿಲ್ಲ. ಆದರೂ ಅವರು ಒಂದು ದಾರಿ ಹುಡುಕಿದ್ದರು.

"ಒಂದು ಜೀವಾನೂ ಸಾಯಬಾರದವ್ವ. ಸಂಜಿಗೆ ಅವೆಲ್ಲ ಮೇಯಾಕ ಹೋಗ್ತಾವಲ್ಲ, ಆಗ ಕೊಯ್ಸಾಣ. ವಾಪಸ್ ಬಂದು ನೋಡ್ತಾವ, ಮರ ಬೋಳಾಗಿರ್ತೈತೆ, ಬ್ಯಾರೆ ಕಡಿ ಹೋಗ್ತಾವ."

"ಭಾವ, ಮರಿಗಳು ಮರದಾಗೇ ಇರ್ತಾವ್ರಿ," ಎಂದೆ. "ಇದು ಮರಿ ಬೆಳೆಯೋ ಕಾಲ."

"ಮರಿ ಎದಿಗೆ ಕಚ್ಚಿಕೊಂಡೇ ಹೋಗ್ತೈತೆ. ನಾನೇ ಕಣ್ಣಾರೆ ನೋಡೀನಿ."

"ಅದು ಎಳೇದಿದ್ದಾಗ. ಭಾರ ಆದ ಮ್ಯಾಲೆ ತಾಯಿ ಬಿಟ್ಟು ಹೋಗ್ತೈತೆ. ಎರಡು ತಿಂಗಳು ತಡೀರಿ, ಹಾರಾದು ಕಲೀತಾವ."

"ಎರಡು ತಿಂಗಳಾ? ತೊಟ್ಟಿಲು ಬರೋ ವಾರ ಐತೆ," ಎಂದಳು ಅಕ್ಕ. "ಬಾವಲಿ ಮರಿ ನೋಡ್ಲೋ, ನನ್ನ ಮೊಮ್ಮಗಳನ್ನ ನೋಡ್ಲೋ?"

ಅವಳ ಮೇಲೆ ಸಿಟ್ಟು ಬಂತು. ಭಾವ ನೋಡಿದ್ದೂ ನಿಜ, ನಾನು ಓದಿದ್ದೂ ನಿಜ. ಯಾರಿಗಾದರೂ ದೂರು ಕೊಡೋಣವೆಂದರೆ ಅದು ಒಡಹುಟ್ಟಿದವಳ ಮೇಲೆಯೇ ಆಗುತ್ತಿತ್ತು. ಬಾಣಂತಿ ಕೋಣೆಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ನಾನು ಹೋಗಿ ಮಗುವಿನ ಪಕ್ಕ ಕೂತೆ.

ಮರುದಿನ ಸಂಜೆ ಬಾವಲಿಗಳು ಕಾಲುವೆಯ ಕಡೆ ಹೊರಟ ಮೇಲೆ ಮರ ಕೊಯ್ಯುವ ಮಿಷಿನ್ ಶುರುವಾಯಿತು. ಮೊದಲ ಟೊಂಗೆ ನೆಲಕ್ಕೆ ಬಿದ್ದಾಗ ಅದರೊಳಗಿಂದ ಕೀಚಲು ಅಳು ಕೇಳಿತು. ಅಕ್ಕನ ಮಗಳು ತನ್ನ ಕೂಸೇ ಅತ್ತಿತೆಂದು ಗಾಬರಿಯಿಂದ ಎದ್ದು ಕೂತಳು. ಕೂಸು ನಿದ್ದೆಯಲ್ಲಿತ್ತು. ಹಿತ್ತಲಲ್ಲಿ ಭಾವ "ನಿಲ್ಸ್ರಿ, ನಿಲ್ಸ್ರಿ" ಎನ್ನುತ್ತ ಓಡಾಡುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ದೊಡ್ಡ ಟೊಂಗೆಯೂ ಜರಿದಿತ್ತು. ಎಲೆಗಳ ನಡುವೆ ಅಪ್ಪಚ್ಚಿಯಾದವು ಕೆಲವು, ತೆವಳುತ್ತಿದ್ದವು ಕೆಲವು. ಭಾವ ಬಗ್ಗಿ ಕೈ ಚಾಚಿದರು, ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ಮುಟ್ಟಬಾರ್ದು ಅಂದಿದ್ದಿಯಲ್ಲವ್ವ. ಮನಿಯಾಗ ಕೂಸು ಐತೆ."

ಅಂದಿದ್ದೆ. ದಪ್ಪ ಗೋಣಿಚೀಲ ತರಿಸಿ, ಅದರಲ್ಲಿ ಹಿಡಿದು ಬದುಕಿದ ಮರಿಗಳನ್ನು ಒಂದೊಂದಾಗಿ ಉಳಿದ ಬೋಳು ಕವಲಿಗೆ ತಗುಲಿಸಿದೆವು. ತಾಯಿ ತನ್ನ ಮರಿಯನ್ನು ಕೂಗು ಮತ್ತು ವಾಸನೆಯಿಂದಲೇ ಗುರುತಿಸುತ್ತದೆ, ಬಂದು ಕರೆದೊಯ್ಯುತ್ತದೆ ಎಂದು ಭಾವನಿಗೆ ಹೇಳಿದೆ. ಆ ಮಾತನ್ನು ಅವರು ಪೂರ್ತಿ ನಂಬಿದರು.

ಬೆಳಗಿನ ಜಾವ ತಾಯಿ ಬಾವಲಿಗಳು ಬಂದವು. ಇಲ್ಲದ ಟೊಂಗೆಗಳ ಜಾಗದಲ್ಲಿ ಸುತ್ತಿದವು, ಸುತ್ತುತ್ತಲೇ ಇದ್ದವು. ಕೆಲವು ಕೆಳಗಿಳಿದು ಮರಿಯನ್ನು ಎದೆಗೆ ಹಚ್ಚಿಕೊಂಡು ಹೋದವು. ಬಿಸಿಲು ಏರುವ ಹೊತ್ತಿಗೆ ಆಕಾಶ ಖಾಲಿಯಾಯಿತು. ಕವಲಿನಲ್ಲಿ ಒಂದೇ ಒಂದು ಮರಿ ಉಳಿದಿತ್ತು. ಮಧ್ಯಾಹ್ನದವರೆಗೆ ಅದು ಕೂಗಿತು. ಆಮೇಲೆ ಕೂಗಲಿಲ್ಲ.

ಸಾರಥಿಯಿಂದ ಫೋನ್ ಬಂತು. ತೊಟ್ಟಿಲಿಗೆ ಬರುತ್ತೇವೆಂದರು. ಅಕ್ಕ ಖುಷಿಯಾಗಿ ಶೇಂಗಾ ಹುರಿಯಲು ಕೂತಳು, ನಡುನಡುವೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು.

ಭಾವ ಮಾತ್ರ ಮರದ ಬುಡ ಬಿಟ್ಟು ಕದಲಲಿಲ್ಲ. ಹೊತ್ತು ಇಳಿಯುವಾಗ ನಾನು ಚಹಾ ಒಯ್ದೆ. ಅವರು ಮೇಲೆ ಕೈ ತೋರಿಸಿದರು. ಮರಿ ಅಲ್ಲೇ ತಲೆಕೆಳಗಾಗಿ ನೇತಾಡುತ್ತಿತ್ತು. ಗಾಳಿಗೆ ಸ್ವಲ್ಪ ತೂಗುತ್ತಿತ್ತು.

"ನೋಡವ್ವ, ಹೆಂಗ ಗಟ್ಟಿಯಾಗಿ ಹಿಡಕಂಡೈತೆ. ಅದಕ್ಕೇನೂ ಆಗಿಲ್ಲ. ಇವತ್ತು ಅದರ ತಾಯಿ ಬರ್ತೈತೆ, ಅಲ್ಲೇನು?"

"ಹೂಂ ಭಾವ," ಎಂದೆ.