ಬಾಗಿಲ ಸೇವೆಯ ಡೀಲಿಯಾ ಹೂಡಿದ ದಾವೆ

ಡೀಲಿಯಾ ಮೇಬ್ರಿಯ ಹೆಸರು ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ನನ್ನ ತಲೆ ವರ್ಲೀನಳ ಪಾರ್ಲರಿನ ಬೋಗುಣಿಯಲ್ಲಿತ್ತು, ಕಣ್ಣಿನಲ್ಲಿ ಶಾಂಪೂ ನೊರೆ. ವರ್ಲೀನಳಿಗೆ ಸುದ್ದಿ ಹೇಳಲು ಅದೇ ಹೊತ್ತು ಬೇಕು. ಕೇಳುವವರು ಎದ್ದು ಹೋಗುವಂತಿಲ್ಲವಲ್ಲ.

"ಮೊನ್ನೆ ಭಾನುವಾರ ನೀನು ಚರ್ಚಿಗೆ ಬರ್ಲಿಲ್ಲ ನೋಡು ರೋಝೀನಾ, ಒಳ್ಳೇ ತಮಾಷೆ ತಪ್ಪಿಸ್ಕೊಂಡೆ. ಬರ್ಮಿಂಗ್‌ಹ್ಯಾಮಿಂದ ಹೊಸಬಳೊಬ್ಬಳು ಬಂದಿದಾಳೆ, ಡೀಲಿಯಾ ಮೇಬ್ರಿ ಅಂತ. ಬಾಗಿಲ ಸೇವೆಗೆ ಸೇರಿದ ಮೊದಲ್ನೇ ದಿನಾನೇ ಪಾಸ್ಟರ ಹೆಂಡ್ತೀನ ಹೊರಗೆ ನಿಲ್ಲಿಸಿಬಿಟ್ಳು!"

"ಅಯ್ಯೋ, ಯಾಕೆ?"

"ಪ್ರಾರ್ಥನೆ ನಡೀತಿತ್ತು. ಆಯಮ್ಮ ಹೊಸ ಟೋಪಿ ಇಟ್ಕೊಂಡು ತಡವಾಗಿ ಬಂದ್ರು. ಇವಳು ಅಂಗೈ ಎತ್ತಿ ಹಿಡಿದ್ಳು. 'ನಾನ್ಯಾರು ಗೊತ್ತೇನಮ್ಮ?' ಅಂದ್ರು ಅವ್ರು. ಇವಳು ತುಟಿ ಬಿಚ್ಚಿದ್ರೆ ಕೇಳು. ಆಮೆನ್ ಅಂದ ಮೇಲೆ ಕೈ ಇಳಿಸಿ, 'ಈಗ ಬನ್ನಿ ತಾಯಿ, ಟೋಪಿ ಬಾಳ ಚೆನ್ನಾಗಿದೆ' ಅಂದ್ಳು."

ನಾನು ನಕ್ಕದ್ದಕ್ಕೆ ಬಾಯಿಗೂ ನೊರೆ ಹೋಯಿತು. ಆ ಹೆಂಗಸನ್ನು ನೋಡಲೇಬೇಕು ಅನ್ನಿಸಿತು. ನೋಡಲು ದೂರ ಹೋಗಬೇಕಾಗಲಿಲ್ಲ. ನಮ್ಮ ಬೀದಿಯಲ್ಲೇ, ಎದುರಿನ ಹಳದಿ ಮನೆಗೆ ಅವಳೂ ಅವಳ ಮಗ ಕ್ಲೀಯೋಫಸನೂ ಬಂದಿದ್ದರು. ನನ್ನ ಗಂಡ ಏಮಸ್ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತಷ್ಟೆ. ಒಬ್ಬಳೇ ಮುಂಬಾಗಿಲಲ್ಲಿ ಕೂತಿದ್ದ ನನ್ನ ಹತ್ತಿರ ಅವಳೇ ರಸ್ತೆ ದಾಟಿ ಬಂದಳು, ಕೈಯಲ್ಲಿ ಗೆಣಸಿನ ಪೈ.

"ನಿಮ್ಮ ಕುರ್ಚಿ ಒಂದು ಖಾಲಿ ಇದೆ, ನಾನು ಕೂತ್ಕೋಬಹುದಾ?" ಅಂದಳು.

ಅದು ಏಮಸನ ಕುರ್ಚಿ. ಕೂತ್ಕೋ ಅಂದೆ. ಆಮೇಲೆ ಅದು ಅವಳದ್ದೇ ಆಯಿತು.

ಗಿಡ್ಡ ಆಳು, ಅಗಲ ಭುಜ. ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಹೊದಿಕೆ ಮಡಚಿದ ಕೈ. ಕರವಸ್ತ್ರ ಕೊಟ್ಟರೂ ಅಂಚಿಗೆ ಅಂಚು ಕೂಡಿಸಿಯೇ ಮಡಚುವಳು. ಮಾತು ಕಡಿಮೆ, ಆಡಿದರೆ ಚುರುಕು. ನನ್ನ ಜೋಳದ ಬ್ರೆಡ್ಡು ತಿಂದು, "ಪರವಾಗಿಲ್ಲ, ಮನೆ ಕಟ್ಟೋಕೆ ಇಟ್ಟಿಗೆ ಸಾಲದೆ ಬಂದ್ರೆ ನಿನ್ನ ಕರೀತೀನಿ" ಅಂದವಳು.

ನಮ್ಮ ಹೊಸ ಗಿಲ್ಯಾದ್ ಚರ್ಚಿನಲ್ಲಿ ಬಾಗಿಲ ಸೇವೆ ಅಂದರೆ ಬಾಗಿಲು ತೆಗೆದು ಮುಚ್ಚುವುದಲ್ಲ. ಬಿಳಿ ಕೈಗವಸು ಹಾಕಿ ನಿಂತವರು ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ಎಡಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ ಇಡಬೇಕು, ಆರಾಧನೆ ಮುಗಿಯುವ ತನಕ ಅದು ಮುಂದೆ ಬರಕೂಡದು. ಕೆಲಸವೆಲ್ಲ ಬಲಗೈಯದು. ಅಂಗೈ ಎತ್ತಿದರೆ ನಿಲ್ಲಿ, ಪ್ರಾರ್ಥನೆ ನಡೆಯುತ್ತಿದೆ ಅಂತ. ಕ್ಲೀಯೋಫಸ್ ಬರ್ಮಿಂಗ್‌ಹ್ಯಾಮಿನಲ್ಲಿ ಹುಡುಗನಾಗಿದ್ದಾಗಿನಿಂದ ತಾಯಿಯ ಪಕ್ಕ ನಿಂತು ಕಲಿತವನು. ಎತ್ತರದ ಆಳು, ಮೂವತ್ತು ದಾಟಿದ್ದ, ಮಗುವಿನಂಥ ನಗು. ಕಾಲೇಜಿಗೆ ಹೋದ ಕಾಲದಲ್ಲಿ ತಲೆಯೊಳಗೆ ದನಿಗಳು ಶುರುವಾಗಿದ್ದವಂತೆ. ಔಷಧಿ ಇತ್ತು, ಒಳ್ಳೆಯ ದಿನಗಳೇ ಹೆಚ್ಚು. ಅಂಗಡಿಯಿಂದ ನನ್ನ ಸಾಮಾನು ಹೊತ್ತು ತರುವನು, "ಮೊಟ್ಟೆ ಮೇಲಿವೆ ಅತ್ತೆ, ಹುಷಾರು" ಅನ್ನುವನು.

ದನಿಗಳು ಜೋರಾದಾಗ ಡೀಲಿಯಾ ಕಂಡುಕೊಂಡ ಮದ್ದು ಒಂದೇ. "ಕ್ಲೀಯೋ, ಸ್ಥಾನ ತಗೋ" ಅನ್ನುವಳು. ಅವನು ಎದ್ದು, ಎಡಗೈ ಹಿಂದಿಟ್ಟು, ನೆಟ್ಟಗೆ ನಿಲ್ಲುವನು. ಉಸಿರು ತಾನಾಗಿ ನಿಧಾನವಾಗುತ್ತಿತ್ತು. "ಬಾಗಿಲು ಕಾಯೋನನ್ನ ಯಾವ ದನೀನೂ ಅಲ್ಲಾಡ್ಸಲ್ಲ ಕಣೋ" ಅಂತ ಅವನಿಗೆ ಹೇಳಿಕೊಟ್ಟಿದ್ದಳು. ನಾನೇ ಎಷ್ಟು ಸಲ ಕಣ್ಣಾರೆ ಕಂಡಿದ್ದೇನೆ, ಕೆಲಸ ಮಾಡುತ್ತಿತ್ತು.

ಒಂದು ವರ್ಷ ಆಗಸ್ಟಿನಲ್ಲಿ ಡಾಕ್ಟರು ಔಷಧಿ ಬದಲಾಯಿಸಿದರು. ಹುಡುಗ ನಿದ್ದೆ ಬಿಟ್ಟ. ಒಂದು ಶನಿವಾರ ಬೆಳಿಗ್ಗೆ ಭಾನುವಾರದ ಕರಿ ಸೂಟು, ಬಿಳಿ ಗವಸು ತೊಟ್ಟು ಅಂಗಳದ ಗೇಟಿನಲ್ಲಿ ನಿಂತುಬಿಟ್ಟ. ಒಳಗೆ ಆರಾಧನೆ ನಡೆಯುತ್ತಿದೆ, ಯಾರೂ ಹೋಗಬಾರದು ಅಂತ ಅವನ ಲೆಕ್ಕ. ತಾಯಿ ಕರೆದರೂ ತಿರುಗಲಿಲ್ಲ. ಡೀಲಿಯಾ ಫೋನ್ ಮಾಡಿದಳು. "ನನ್ನ ಮಗನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗೋರನ್ನ ಕಳಿಸಿ, ಅವನ ಹತ್ರ ಆಯುಧ ಏನೂ ಇಲ್ಲ" ಅಂದಳು. ಬಂದದ್ದು ಪೊಲೀಸರು.

"ಕೈ ತೋರ್ಸು! ಹಿಂದಿನ ಕೈ ಮುಂದೆ ತಗೋ!"

ಅವನು ಬಲ ಅಂಗೈ ಎತ್ತಿದ. ಪ್ರಾರ್ಥನೆ ನಡೀತಿದೆ, ನಿಲ್ಲಿ. ಹಿಂದಿನ ಕೈ ಅಲ್ಲೇ ಇತ್ತು. ಇರಬೇಕಾದದ್ದು ಅಲ್ಲೇ. ಡೀಲಿಯಾ ಮೆಟ್ಟಿಲಿಂದ, ನಾನು ನನ್ನ ಬಾಗಿಲಿಂದ, "ಅವನ ಕೈಲಿ ಏನಿಲ್ಲ! ಏನಿಲ್ಲ!" ಅಂತ ಕೂಗಿದೆವು. ಗುಂಡು ಹಾರಿತು. ಭುಜಕ್ಕೆ ಬಿತ್ತು. ಮುಷ್ಟಿ ಬಿಚ್ಚಿದರೆ ಬರಿಯ ಗವಸು.

ದೇವರು ದೊಡ್ಡವನು, ಕ್ಲೀಯೋ ಉಳಿದ. ಎಡಗೈ ಮಾತ್ರ ಭುಜದಿಂದ ಮೇಲೆ ಏಳದ ಹಾಗಾಯಿತು. ಪೊಲೀಸ್ ಇಲಾಖೆ ಮಾತ್ರ, ಕೈ ಬಚ್ಚಿಟ್ಟಿದ್ದ, ಮಾತು ಕೇಳಲಿಲ್ಲ, ನಮ್ಮವರ ತಪ್ಪಿಲ್ಲ ಅಂತ ಹೇಳಿ ಸುಮ್ಮನಾಯಿತು.

ಆಗ ಬಂದವಳು ತ್ರೆಡ್‌ಗಿಲ್ ಲಾಯರಮ್ಮ, ಮಾಂಟ್‌ಗಮರಿಯಿಂದ. ಸಣ್ಣ ಪ್ರಾಯ, ದೊಡ್ಡ ಚೀಲ, ಬಂದ ತಕ್ಷಣ ಸಿಹಿ ಟೀ ಎರಡು ಲೋಟ ಕುಡಿದಳು. ನಗರಾಡಳಿತದ ಮೇಲೂ ಗುಂಡು ಹಾರಿಸಿದವನ ಮೇಲೂ ನಾಗರಿಕ ಹಕ್ಕಿನ ದಾವೆ ಹೂಡಬಹುದು, ಆದರೆ ವರ್ಷಗಳು ಹಿಡಿಯುತ್ತವೆ ಅಂದಳು. "ನಿಮಗೆ ಏನು ಬೇಕು ಸಿಸ್ಟರ್ ಮೇಬ್ರಿ? ಅದನ್ನ ಮೊದಲು ಹೇಳಿ."

ಡೀಲಿಯಾ ಯೋಚಿಸಲೇ ಇಲ್ಲ. "ನಾನು ಯಾವಾಗ್ಲೂ ಇರಲ್ಲ ಮಗಳೇ. ಅವನ ಕೆಟ್ಟ ದಿನಗಳು ಇರ್ತಾವೆ. ನಾನು ಕಣ್ಣು ಮುಚ್ಚೋದ್ರೊಳಗೆ, ಫೋನ್ ಮಾಡಿದ್ರೆ ಬಂದೂಕಿಲ್ಲದೋರು ಬರೋ ಹಾಗಾಗ್ಬೇಕು. ಅಷ್ಟೇ."

"ಕೋರ್ಟು ಗೆದ್ದರೆ ದುಡ್ಡು ಕೊಡಿಸುತ್ತೆ. ಊರಿನೋರು ಯಾರನ್ನ ಕಳಿಸ್ಬೇಕು ಅಂತ ಸುಲಭಕ್ಕೆ ಹೇಳಲ್ಲ. ಅದು ಅವ್ರೇ ಒಪ್ಪಿ ರಾಜಿಯಲ್ಲಿ ಬರೀಬೇಕು."

"ಹಾಗಾದ್ರೆ ಒಪ್ಪೋ ತನಕ ನಿಂತ್ಕೊಳ್ಳೋಣ. ನಿಂತ್ಕೊಳ್ಳೋದು ನಂಗೆ ಅಭ್ಯಾಸ ಇದೆ."

ನಗರದ ವಕೀಲರು ಅವಳನ್ನು ಒಂದು ದಿನ ಪೂರ್ತಿ ಕೂರಿಸಿ ಪ್ರಶ್ನೆ ಕೇಳಿದರು. ಸಂಜೆ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ನಾನು ಅಲಸಂದೆ ಸುಲಿಯುತ್ತಿದ್ದೆ. ಅವಳೂ ಒಂದು ಹಿಡಿ ಎತ್ತಿಕೊಂಡಳು.

"ಆ ವಕೀಲ ಕೇಳ್ದ, 'ಪೊಲೀಸರ ಮುಂದೆ ಹಾಗೆ ಕೈ ಹಿಂದಿಟ್ಟು ನಿಲ್ಲೋಕೆ ಇವನಿಗೆ ಯಾರು ಹೇಳ್ಕೊಟ್ರು?' ಅಂತ."

"ನೀನೇನಂದೆ?"

"'ನಾನೇ' ಅಂದೆ." ಕಾಯಿ ಬಿಚ್ಚಿದಳು, ಕಾಳು ಉದುರಿಸಲು ಮರೆತಳು. "ನಾನೇ ಅಲ್ವಾ ರೋಝೀನಾ? ನಾನೇ ಕಲಿಸಿದ್ದು, ನಾನೇ ಫೋನ್ ಮಾಡಿದ್ದು."

ನನಗೆ ಓದು ಬರಹ ಅಷ್ಟಕ್ಕಷ್ಟೆ, ಸಮಾಧಾನದ ಮಾತೂ ಅಷ್ಟಕ್ಕಷ್ಟೆ. "ನೀನು ನಿಲ್ಲೋದು ಕಲಿಸಿದೆ. ಗುಂಡು ಹಾರ್ಸೋದು ಬೇರೆ ಯಾರೋ ಕಲಿಸಿದ್ದು" ಅಂದೆ. ಅವಳು ನನ್ನನ್ನು ನೋಡಿ, ಕಾಳನ್ನು ಪಾತ್ರೆಗೆ ಹಾಕಿದಳು. ಆದರೆ ಗುಂಡು ಬಿದ್ದ ದಿನದಿಂದ ಅವಳು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದು ನನಗೆ ಗೊತ್ತಿತ್ತು. ಕೊಳಾಯಿ ರಿಪೇರಿಯವನನ್ನು ಕರೆಯಬೇಕಾದರೂ ರಸ್ತೆ ದಾಟಿ ಬಂದು, "ನೀನೇ ಮಾಡೇ" ಅನ್ನುವಳು.

ನಗರದವರು ಮೊದಲ ಸಲ ರಾಜಿಗೆ ಕರೆದದ್ದು ಎರಡನೇ ವರ್ಷ. ಒಳ್ಳೆಯ ಮೊತ್ತವೇ. ಆದರೆ ಬಾಯಿ ಮುಚ್ಚಿಕೊಂಡಿರಬೇಕು, ಯಾರನ್ನು ಕಳಿಸುತ್ತಾರೆ ಅನ್ನುವ ಮಾತು ಎತ್ತಬಾರದು. ಚರ್ಚಿನ ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದಾಗ ನಮ್ಮ ಸಭೆಯ ಹಿರಿಯ ಡೀಕನ್ ಥರ್ಮನ್ ಶುರುಮಾಡಿದ. ಥರ್ಮನ್ ಒಳ್ಳೆಯವನೇ, ಬಾಯಿಗೆ ಮಾತ್ರ ಬಾಗಿಲಿಲ್ಲ.

"ಸಿಸ್ಟರ್ ಡೀಲಿಯಾ, ತಗೊಂಡುಬಿಡಮ್ಮ. ಹುಡುಗನ್ನ ಫ್ಲೋರಿಡಾಕ್ಕೆ ಕರ್ಕೊಂಡು ಹೋಗು, ಸಮುದ್ರ ತೋರ್ಸು. ಚರ್ಚಿನ ಸೂರೂ ಸೋರ್ತಿದೆ."

"ಸೂರು ಸೋರೋದಕ್ಕೆ ನೀವು ಮೇಲೆ ಹತ್ತಿ ರಿಪೇರಿ ಮಾಡಿದ್ದೇ ಕಾರಣ, ಡೀಕನ್" ಅಂದಳು ಡೀಲಿಯಾ, ಮೀನು ಮಗುಚುತ್ತ. ಅಡುಗೆಮನೆ ಪೂರ್ತಿ ನಕ್ಕಿತು. ಅವಳು ಮಾತ್ರ ನಗದೆ ಹೇಳಿದಳು, "ಸಮುದ್ರದ ದಡದಲ್ಲೂ ಅವನಿಗೆ ಕೆಟ್ಟ ದಿನ ಬರುತ್ತೆ. ಅಲ್ಲಿ ಫೋನ್ ಮಾಡಿದ್ರೆ ಯಾರು ಬರ್ತಾರೆ ಹೇಳಿ. ಹೇಳಿದ್ರೆ ನಾಳೇನೇ ಗಂಟು ಕಟ್ತೀನಿ."

ಥರ್ಮನ್ ಬಾಯಿಗೆ ಬಿಸಿ ಮೀನು ತುರುಕಿಕೊಂಡ.

ನಗರದವರು ಕೇಸನ್ನೇ ವಜಾ ಮಾಡಿಸಲು ನೋಡಿದರು. ಪೊಲೀಸಿನವನಿಗೆ ಕಾನೂನಿನ ರಕ್ಷೆ ಇದೆ, ಜ್ಯೂರಿಯ ಮುಂದೆ ಹೋಗುವ ಅಗತ್ಯವೇ ಇಲ್ಲ ಅಂತ. ಫೆಡರಲ್ ಕೋರ್ಟಿಗೆ ನಾವು ಚರ್ಚಿನ ವ್ಯಾನಿನಲ್ಲಿ ಹೋದೆವು. ತ್ರೆಡ್‌ಗಿಲ್ ಲಾಯರಮ್ಮ ಎದ್ದು, ಸ್ವಾಮಿ, ಆ ಮನುಷ್ಯ ಬೆದರಿಸುತ್ತಿರಲಿಲ್ಲ, ತನಗೆ ಗೊತ್ತಿದ್ದ ಭಾಷೆಯಲ್ಲಿ ನಿಲ್ಲಿ ಅಂದ, ತಾಯಿ ಫೋನಿನಲ್ಲೇ ಅವನ ಹತ್ತಿರ ಏನೂ ಇಲ್ಲ ಅಂದಿದ್ದಳು, ಬಂದವರು ಕೇಳಿಸಿಕೊಳ್ಳಲು ಒಂದು ಉಸಿರೂ ಕಾಯಲಿಲ್ಲ ಅಂದಳು. ಕ್ಲೀಯೋ ನನ್ನ ಪಕ್ಕ ಕೂತಿದ್ದ, ಮೊಣಕಾಲ ಮೇಲೆ ಎರಡೂ ಕೈ. ಕಿವಿಯಲ್ಲಿ ಕೇಳಿದ, "ಅತ್ತೆ, ಇಲ್ಲಿ ಬಾಗಿಲಲ್ಲಿ ನಿಂತಿರೋನು ಯಾಕೆ ಗೋಡೆಗೆ ಒರಗಿದಾನೆ? ಅವನಿಗೆ ಯಾರೂ ಹೇಳ್ಕೊಟ್ಟಿಲ್ವಾ?" ನನಗೆ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಇದನ್ನು ಜ್ಯೂರಿಯೇ ನೋಡಲಿ ಅಂತ. ಜ್ಯೂರಿ ಅಂದೊಡನೆ ನಗರದವರ ಕಿವಿ ಚುರುಕಾಯಿತು. ಮತ್ತೆ ಮೇಜಿಗೆ ಕರೆದರು. ಡೀಲಿಯಾ ದುಡ್ಡಿನಲ್ಲಿ ಒಂದು ಪಾಲು ಬಿಟ್ಟುಕೊಟ್ಟಳು, ಮಾತಿನಲ್ಲಿ ಒಂದಕ್ಷರ ಬಿಡಲಿಲ್ಲ. ರಾಜಿಪತ್ರದಲ್ಲಿ ಬರೆದದ್ದು ಇದು: ತಲೆ ಕೆಟ್ಟವರ ಮನೆಯಿಂದ ಕರೆ ಬಂದರೆ ಮೊದಲು ಹೋಗುವವರು ನರ್ಸೂ ಅಂಥದೇ ಕಾಯಿಲೆ ದಾಟಿ ಬಂದ ಒಬ್ಬರೂ, ಅದಕ್ಕೇ ಬೇರೆ ನಂಬರು, ಇವರು ಕರೆದರೆ ಮಾತ್ರ ಪೊಲೀಸರು, ಅದೂ ಬೀದಿಯ ತುದಿಯಲ್ಲಿ. ಬಾಯಿ ಮುಚ್ಚುವ ಷರತ್ತು ಹಾರಿಹೋಯಿತು. ತಪ್ಪಾಯಿತು ಅಂತ ಮಾತ್ರ ಯಾರೂ ಅನ್ನಲಿಲ್ಲ. "ಅದನ್ನ ದೇವರ ಹತ್ರ ಅಂತಾರೆ ಬಿಡು" ಅಂದಳು ಡೀಲಿಯಾ.

ಆ ಭಾನುವಾರ ಚರ್ಚಿನಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು ಇಷ್ಟೇ ಹೇಳಿದಳು: "ಈ ಊರಲ್ಲಿ ಈಗ ಕರೆದ್ರೆ ಬರೋರಿದಾರೆ. ನಿಮ್ಮ ಮನೇಲೂ ಅಂಥೋರು ಇದ್ರೆ ಮುಚ್ಚಿಡ್ಬೇಡಿ." ಚರ್ಚು ಎದ್ದು ಕುಣಿಯಿತು. ಥರ್ಮನ್ನನೂ ಅತ್ತ, ಅವನ ತಮ್ಮನಿಗೂ ಅದೇ ಕಾಯಿಲೆ ಅಂತ ಅವತ್ತೇ ನಮಗೆಲ್ಲ ಗೊತ್ತಾದದ್ದು.

ಮೂರು ಬೇಸಿಗೆ ಚೆನ್ನಾಗಿ ನಡೆಯಿತು. ಕ್ಲೀಯೋಗೆ ಗಿಡಗಳ ನರ್ಸರಿಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಡೀಲಿಯಾಳ ಹೃದಯ ಸೋಲುತ್ತ ಬಂತು. ಕಾಲು ಊದಿಕೊಂಡು ಹಾಸಿಗೆ ಹಿಡಿದಳು. ಅಂಥದರಲ್ಲೇ ಒಂದು ಮಧ್ಯಾಹ್ನ ಕ್ಲೀಯೋಗೆ ಕೆಟ್ಟ ದಿನ ಬಂತು. ಅಂಗಳದಲ್ಲಿ ಸುತ್ತುತ್ತಿದ್ದ, ಕರೆದರೆ ಓಗೊಡುತ್ತಿರಲಿಲ್ಲ. ಡೀಲಿಯಾ ನನ್ನನ್ನು ನೋಡಿದಳು. ನಾನು ಆ ನಂಬರು ಒತ್ತಿದೆ.

ಒಬ್ಬ ದಪ್ಪ ನರ್ಸಮ್ಮ, ಒಬ್ಬ ನರೆತ ಗಡ್ಡದವನು ಬಂದರು. ಬೇಲಿಯ ಹೊರಗೇ ನಿಂತು, "ಕ್ಲೀಯೋಫಸ್, ಒಳಗೆ ಬರಬಹುದೇನಪ್ಪ?" ಅಂದರು. ಅವನು ಅಂಗೈ ಎತ್ತಿದ. ಅವರು ನಿಂತರು. ನರ್ಸಮ್ಮ ಹುಲ್ಲಿನ ಮೇಲೆ ಕೂತೇಬಿಟ್ಟಳು, ಗಡ್ಡದವನು ತನ್ನ ತಲೆಯ ದನಿಗಳ ಕಥೆ ಹೇಳುತ್ತ ಹೋದ. ಬಿಸಿಲು ಮರದ ಆಚೆ ಹೊರಳಿತು. ಕೊನೆಗೆ ಕ್ಲೀಯೋ ಕೈ ಇಳಿಸಿ, ತಾನೇ ಗೇಟು ತೆರೆದು, ಅವರ ಜೊತೆ ಆಸ್ಪತ್ರೆಗೆ ಹೊರಟ. ಕಿಟಕಿಯಿಂದ ಡೀಲಿಯಾ ಎಲ್ಲ ನೋಡಿದಳು. ಆ ಸಂಜೆ ಬಟ್ಟಲು ತುಂಬ ಬೆಂಡೆಕಾಯಿ ಸಾರು ಕುಡಿದು, "ಉಪ್ಪು ಜಾಸ್ತಿ" ಅಂದಳು. ಅವಳಿಗೆ ಸಮಾಧಾನವಾಗಿದೆ ಅಂತ ಅದರಲ್ಲೇ ತಿಳಿಯಿತು.

ಅವಳು ನಮ್ಮನ್ನು ಬಿಟ್ಟುಹೋಗುವ ಹಿಂದಿನ ದಿನ ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಕ್ಲೀಯೋ ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಗಿತ್ತು, ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದ.

"ನಿನಗೇನೂ ಚಿಂತೆ ಬೇಡ ಡೀಲಿಯಾ. ಇನ್ಮೇಲೆ ಫೋನ್ ನಾನು ಮಾಡ್ತೀನಿ" ಅಂದೆ.

ಅವಳು ಬೇಡ ಅಂತ ತಲೆಯಾಡಿಸಿದಳು. ಉಸಿರಿಗಾಗಿ ಒಂದು ಚಣ ಕಾದಳು.

"ನೀನು ಅವಸರದವಳು ಕಣೇ, ಅವನ ಕೈಯಿಂದ ಫೋನ್ ಕಿತ್ಕೊಂಡುಬಿಡ್ತೀಯ. ಗಡ್ಡದಾತ ಹೇಳ್ದ, ತನ್ನ ಕೆಟ್ಟ ದಿನಗಳಲ್ಲಿ ತಾನೇ ಫೋನ್ ಒತ್ತಿ ಕರೀತಿದ್ದನಂತೆ. ನಮ್ಮ ಕ್ಲೀಯೋನೂ ಒಂದು ದಿನ ಒತ್ತುತಾನೆ. ತಡ ಮಾಡ್ತಾನೆ, ತಪ್ಪು ಒತ್ತುತಾನೆ, ಮತ್ತೆ ಒತ್ತುತಾನೆ. ನೀನು ಸುಮ್ಮನೆ ಪಕ್ಕದಲ್ಲಿ ಕೂತಿರೇ ರೋಝೀನಾ, ಅಷ್ಟೇ ನಾನು ಕೇಳೋದು. ಅವನೇ ಮಾಡ್ಲಿ."