ದಸರಾ ವೇದಿಕೆಗೆ ಕರೆಸಿದ ಹುಲಿಮರಿ

ಹುಲಿಮರಿಯನ್ನು ಕರೆಸಿದವಳು ನಾನು. ನನ್ನ ಗಂಡ ಬದುಕಿದ್ದಾಗಲೇ ಇದನ್ನು ನಾಲ್ಕು ಜನರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ.

ಆಗ ನಾವು ನಾರ್ತ್ ಕ್ಯಾರೊಲೈನಾದ ಶಾರ್ಲಟ್ ಊರಿನ ಹೊರಗಿದ್ದೆವು. ಅಲ್ಲಿನ ಕನ್ನಡದವರು ಸೇರಿ ನಡೆಸುತ್ತಿದ್ದ ದಸರಾ ಕಾರ್ಯಕ್ರಮದ ಜವಾಬ್ದಾರಿ ಆ ವರ್ಷ ನನಗೆ ಬಂತು. ಮೈಸೂರಿನವಳು ನಾನು; ದಸರಾ ಎಂದರೆ ಉಳಿದವರಿಗಿಂತ ನನಗೆ ಹೆಚ್ಚು ಗೊತ್ತು ಎಂಬ ಜಂಬವಿತ್ತು. ಹಿಂದಿನ ವರ್ಷದವರು ರಟ್ಟಿನ ಆನೆ ಮಾಡಿ ಹೊಗಳಿಸಿಕೊಂಡಿದ್ದರು. ಒಂಬತ್ತು ವರ್ಷದ ನನ್ನ ಮಗಳನ್ನು ದುರ್ಗೆಯಾಗಿ ಕೂರಿಸಿ, ಪಕ್ಕದಲ್ಲಿ ನಿಜವಾದ ಹುಲಿಯನ್ನೇ ಇಡಬೇಕೆಂದು ನನಗೆ ಹೊಳೆಯಿತು. ಪಕ್ಕದ ಕೌಂಟಿಯಲ್ಲಿ ಒಬ್ಬಾತ ಹಿತ್ತಲಲ್ಲಿ ಹುಲಿ ಸಾಕಿಕೊಂಡು, ಮರಿಗಳನ್ನು ಹುಟ್ಟುಹಬ್ಬದ ಪಾರ್ಟಿಗಳಿಗೆ ತರುತ್ತಿದ್ದ. ಅವನಿಗೆ ಫೋನ್ ಮಾಡಿದೆ. ಕಾರ್ಯಕ್ರಮಕ್ಕೆ ಬಾಡಿಗೆಗೆ ಹಿಡಿದಿದ್ದ ಹಾಲ್‌ನವರು ಕೊಟ್ಟ ಫಾರ್ಮಿನಲ್ಲಿ "ಸಣ್ಣ ಪ್ರಾಣಿ, ಒಂದು" ಎಂದು ತುಂಬಿದೆ.

ನನ್ನವರು ಮಂಗಳೂರಿನವರು. ಚಿಕ್ಕಂದಿನಲ್ಲಿ ಅವರ ಕಾಯಿಲೆ ವಾಸಿಯಾಗಲೆಂದು ತಾಯಿ ಹರಕೆ ಹೊತ್ತು, ನವರಾತ್ರಿಯಲ್ಲಿ ಹುಲಿವೇಷ ಹಾಕಿಸಿದ್ದರು.

"ಮರಿ ಎಂತಕ್ಕೆ ಮಾರಾಯ್ತಿ? ಹುಲಿ ಬೇಕಿದ್ರೆ ನಾನೇ ಆಗ್ತೇನೆ. ನಂಗೆ ಎಕ್ಸ್‌ಪೀರಿಯೆನ್ಸ್ ಉಂಟು" ಎಂದರು.

"ನಿಮ್ಮ ಹೊಟ್ಟೆಗೆ ಪಟ್ಟೆ ಬಳಿಯೋಕೆ ಎರಡು ಗ್ಯಾಲನ್ ಪೇಂಟ್ ಬೇಕಾಗತ್ತೆ, ಸುಮ್ನಿರಿ."

ನಕ್ಕರು. ಆಮೇಲೆ ನಗು ಬಿಟ್ಟು, "ತಾಸೆ ಸಿಡಿ ಮಾತ್ರ ಹಾಕ್ಬೇಡ. ಹತ್ರ ಬಡಿದ್ರೆ ಅದು ಹೊಟ್ಟೆಯೊಳಗೆ ಕೇಳ್ತದೆ. ನಂಗೇ ಅಳು ಬಂದಿತ್ತು" ಎಂದರು. ತಾಸೆ ಎಂದರೆ ಹುಲಿವೇಷದ ಜೊತೆ ಬಡಿಯುವ ವಾದ್ಯ. ಆ ಸಿಡಿ ಅವರೇ ಊರಿನಿಂದ ತಂದದ್ದು. ನಾನು ಅದನ್ನೇ ಹಾಕಿಸಿದೆ.

ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಮರಿಯ ಹಣೆಗೆ ಕುಂಕುಮ ಇಟ್ಟು ಆರತಿ ಎತ್ತಿದೆ. ಎಲ್ಲರೂ ಡಿಜಿಟಲ್ ಕ್ಯಾಮೆರಾ ಹಿಡಿದು ಮುಂದೆ ಬಂದರು. ತಾಸೆ ಶುರುವಾದೊಡನೆ ಮರಿ ಅಲ್ಲೇ ಉಚ್ಚೆ ಹೊಯ್ದುಕೊಂಡು ಪ್ರಸಾದದ ಮೇಜಿನ ಕೆಳಗೆ ನುಗ್ಗಿತು. ಜನ ನಕ್ಕರು. ಹುಲಿಯವನು ಸರಪಳಿ ಎಳೆದು ತಂದು ಮತ್ತೆ ಮಗಳ ಕಾಲ ಬಳಿ ಕೂರಿಸಿದ.

"ಅಮ್ಮಾ, ಅದು ಶೇಕ್ ಆಗ್ತಿದೆ" ಎಂದಳು ಮಗಳು.

"ಫೋಟೋ ತೆಗೀತಿದಾರೆ, ನಗು" ಎಂದೆ.

ಮರಿ ಮತ್ತೆ ತಪ್ಪಿಸಿಕೊಂಡು ಮೇಜಿನಡಿ ಸೇರಿತು. ಈ ಸಲ ನನ್ನವರು ಹೋಗಿ ಸಿಡಿ ನಿಲ್ಲಿಸಿ, ರೇಷ್ಮೆ ಪಂಚೆಯಲ್ಲೇ ತಾವೂ ಮೇಜಿನ ಕೆಳಗೆ ನುಸುಳಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರು ನನ್ನ ಕಾರ್ಯಕ್ರಮ ಕೆಡಿಸಿದರೆಂದು ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. ಅವರು ಕೈಯ ಮೇಲಿನ ಗೀರುಗಳನ್ನು ಟಿಶ್ಯೂನಿಂದ ಒತ್ತಿಕೊಳ್ಳುತ್ತ ಡ್ರೈವ್ ಮಾಡುತ್ತಿದ್ದರು.

ಅಂದಿನಿಂದ ಭಾನುವಾರಗಳಲ್ಲಿ ಅವರು ಒಬ್ಬರೇ ಆ ಮರಿಯನ್ನು ನೋಡಲು ಹೋಗತೊಡಗಿದರು. ಅದು ಬೆಳೆಯಿತು, ಪಾರ್ಟಿಗಳಿಗೆ ಒಯ್ಯುವ ಹಾಗಿರಲಿಲ್ಲ. ಸಿಮೆಂಟು ನೆಲದ ಪಂಜರದಲ್ಲಿ ಆರು ಹೆಜ್ಜೆ ಹೋಗುತ್ತದೆ, ಆರು ಹೆಜ್ಜೆ ಬರುತ್ತದೆ ಎಂದು ಬಂದು ಹೇಳುತ್ತಿದ್ದರು. ನಾನು ಟಿವಿಯ ಸದ್ದು ಹೆಚ್ಚಿಸುತ್ತಿದ್ದೆ.

ಮರುವರ್ಷ ಆ ಕೌಂಟಿಯ ಆಡಳಿತದವರು, ಖಾಸಗಿಯಾಗಿ ಹುಲಿ ಸಿಂಹ ಸಾಕುವುದನ್ನು ನಿಷೇಧಿಸಬೇಕೇ ಎಂದು ಸಭೆ ಕರೆದರು. ಯಾರು ಬೇಕಾದರೂ ಮಾತಾಡಬಹುದಿತ್ತು.

"ನೀನೂ ಬಾ. ತರಿಸಿದವಳು ನೀನು, ಏನಾಯ್ತು ಅಂತ ನೀನು ಹೇಳಿದ್ರೆ ತೂಕ ಬೇರೆ" ಎಂದರು.

"ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ ರೀ. ಫಾರ್ಮಲ್ಲಿ ಸುಳ್ಳು ಬರೆದಿದೀನಿ ಅಂತ ಎಲ್ಲರ ಮುಂದೆ ಹೇಳ್ಲಾ?"

ಗ್ರೀನ್ ಕಾರ್ಡ್ ನೆವ. ಕನ್ನಡದವರ ಕಿವಿಗೆ ಬಿದ್ದರೆ ಏನೆಂದುಕೊಂಡಾರು ಎಂಬುದೇ ನನ್ನ ಭಯ. ಅವರು ಒಬ್ಬರೇ ಹೋದರು.

ಅಲ್ಲಿ ಅವರು ಮಾತು ಮುಗಿಸಿದ ಮೇಲೆ ಹುಲಿಯವನು ಎದ್ದು ಒಂದು ಫೋಟೋ ತೋರಿಸಿದನಂತೆ. ಮರಿಗೆ ನಾನು ಆರತಿ ಎತ್ತುತ್ತಿರುವ ಫೋಟೋ. ಥ್ಯಾಂಕ್ಯೂ ಕಾರ್ಡ್ ಜೊತೆ ನಾನೇ ಕಳಿಸಿದ್ದು. "ಈತನ ಹೆಂಡತಿಯೇ ಕರೆಸಿ ಪೂಜೆ ಮಾಡಿದಳು, ನೋಡಿ ಎಷ್ಟು ಖುಷಿಯಾಗಿದ್ದಾಳೆ" ಎಂದನಂತೆ. ನಿಷೇಧದ ಮಾತು ಅಲ್ಲಿಗೇ ನಿಂತಿತು. ಇದಿಷ್ಟನ್ನೂ ನನ್ನವರು ಬೂಟು ಬಿಚ್ಚುತ್ತ ಹೇಳಿ, "ಊಟಕ್ಕೆ ಎಂತ ಉಂಟು?" ಎಂದು ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ಚಳಿಗಾಲದಲ್ಲಿ ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಅವರ ಹೃದಯ ನಿಂತಿತು.

ತಿಥಿಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನೇ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋದೆ. ಪಂಜರ ಖಾಲಿಯಿತ್ತು. ಹುಲಿ ಸತ್ತು ಎರಡು ತಿಂಗಳಾಯಿತೆಂದು ಹುಲಿಯವನು ಹೇಳಿದ. ಮಗುಚಿ ಹಾಕಿದ್ದ ಬಕೆಟ್ ತೋರಿಸಿ, "ನಿನ್ನ ಗಂಡ ಇದರ ಮೇಲೆ ಕೂತಿರುತ್ತಿದ್ದ. ಬಹಳ ಶಾಂತ ಮನುಷ್ಯ. ಹೇಗಿದ್ದಾನೆ?" ಎಂದು ಕೇಳಿದ.

"ಚೆನ್ನಾಗಿದ್ದಾರೆ" ಎಂದೆ. ಅಲ್ಲೂ ನಿಜ ಹೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದು ಕೌಂಟಿಗೆ ಕಾಗದ ಬರೆಯಲು ಕೂತೆ. ಹುಲಿ ಸಾಕುವುದನ್ನು ನಿಷೇಧಿಸಿ, ಕರೆಸುವುದನ್ನೂ ನಿಷೇಧಿಸಿ ಎಂದು ಬರೆದೆ. ಅವನು ಹುಲಿ ಇಟ್ಟುಕೊಂಡಿದ್ದು ನನ್ನಂಥವರು ಫೋನ್ ಮಾಡುತ್ತಿದ್ದುದರಿಂದ. ಆ ಫೋಟೋದಲ್ಲಿ ನಗುತ್ತಿರುವವಳು ನಾನು, ಮರಿ ನಡುಗುತ್ತಿತ್ತು, ಮಗಳು ಹೇಳಿದ್ದು ನನಗೆ ಕೇಳಿಸಿತ್ತು. ಫಾರ್ಮಿನಲ್ಲಿ ಸಣ್ಣ ಪ್ರಾಣಿ ಎಂದು ಬರೆದದ್ದನ್ನೂ ಸೇರಿಸಿ, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.