ವಿಭೂತಿ ಹಚ್ಚಿಕೊಂಡ ಕಂಪ್ಯೂಟರುಗಳ ಮಹಾದೇವಕ್ಕ

ಎಡಗೈಯ ತೋರುಬೆರಳಿನಿಂದ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನಿನ ರೆಕ್ಕೆ ಅಲ್ಲಾಡದಂತೆ ಒತ್ತಿ ಹಿಡಿದು, ಬಲಗೈಯಲ್ಲಿರುವ ಪೇಂಟ್ ಬಳಿಯುವ ಕುಂಚದಿಂದ ಮಹಾದೇವಿ ಮೆಲ್ಲಗೆ ಕೆದರುತ್ತಾರೆ. ಬಿಳಿಯ ಪುಡಿ, ಕೆಳಗೆ ಹಾಸಿದ ಹಳೆ ಪೇಪರಿನ ಮೇಲೆ ಉದುರುತ್ತದೆ. ಅದರ ಹಿಂದೆ ಕುಂಕುಮ, ಅದರ ಹಿಂದೆ ಒಂದು ಒಣಗಿದ ಚೆಂಡುಹೂವಿನ ಎಸಳು. ಎಸಳನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಮನೆಯ ಯಜಮಾನ ಸಂಗಣ್ಣನಿಗೆ ತೋರಿಸುತ್ತಾರೆ.

"ಪಂಪ್ ಹೊಡೀರಿ ಸಂಗಣ್ಣಾ, ಜೋರಾಗಿ ಬ್ಯಾಡ, ಕೂಸಿನ ಕಣ್ಣಾಗ ಕಸ ಬಿದ್ರ ಊದತೀರಲ್ಲ, ಅಷ್ಟ."

ಸಂಗಣ್ಣ ಸೈಕಲ್ ಪಂಪನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಾರೆ. ಪಂಪಿನ ಮೂತಿಯನ್ನು ಮಹಾದೇವಿ ಪೆಟ್ಟಿಗೆಯ ಮೂಲೆಮೂಲೆಗೂ ತಿರುಗಿಸುತ್ತಾರೆ. ಪುಡಿಯ ಮೋಡವೊಂದು ಎದ್ದು, ಇಬ್ಬರ ಹಣೆಗೂ ಕೇಳದೆಯೇ ವಿಭೂತಿ ಹಚ್ಚುತ್ತದೆ.

ಹೆಬ್ಬಗೋಡಿಯಲ್ಲಿ ಇನ್ನೂ ನಸುಕು. ಹೊಸೂರು ರಸ್ತೆಯ ಕಡೆಯಿಂದ ಮೊದಲ ಪಾಳಿಯ ಬಸ್ಸುಗಳ ಸದ್ದು ಈಗಷ್ಟೇ ಶುರುವಾಗಿದೆ. ಸಾಲು ಬಾಡಿಗೆ ಕೋಣೆಗಳ ಮುಂದೆ ನೀರಿನ ಕೊಡಗಳು ಸರತಿಯಲ್ಲಿ ಕೂತಿವೆ. ಆಯುಧಪೂಜೆ ಕಳೆದು ಇನ್ನೂ ವಾರ ತುಂಬಿಲ್ಲ. ವರ್ಷದಲ್ಲಿ ಮಹಾದೇವಿಗೆ ಪುರುಸೊತ್ತೇ ಇಲ್ಲದ ವಾರ ಇದು. ಗಂಗಾವತಿ, ಸಿಂಧನೂರು, ಕುಷ್ಟಗಿ ಕಡೆಯಿಂದ ಬಂದು ಇಲ್ಲಿ ಕಾರ್ಖಾನೆ, ಕಟ್ಟಡಗಳಲ್ಲಿ ದುಡಿಯುವ ಮಂದಿ ಮನೆಯ ಕಂಪ್ಯೂಟರನ್ನೂ ಆಯುಧವೆಂದೇ ಎಣಿಸುತ್ತಾರೆ. ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾರೆ, ಕುಂಕುಮ ಏರಿಸುತ್ತಾರೆ, ಮೇಲೆ ನಿಂಬೆಹಣ್ಣು ಹಿಂಡುತ್ತಾರೆ. ಮರುದಿನ ಯಂತ್ರ ಕಣ್ಣು ಬಿಡುವುದಿಲ್ಲ.

"ಯಂತ್ರ ಅಂದಮ್ಯಾಲೆ ಪೂಜಾ ಮಾಡಬಾರದೇನ್ರೀ ಅಕ್ಕಾ?" ಅನ್ನುತ್ತಾರೆ ಸಂಗಣ್ಣ. ಎರಕದ ಕಾರ್ಖಾನೆಯಲ್ಲಿ ಅವರ ಕೆಲಸ. ಅಲ್ಲಿನ ಕುಲುಮೆಗೂ ಇದೇ ಪೂಜೆ, ಅದಕ್ಕೇನೂ ಆಗಿಲ್ಲ ಎಂಬುದು ಅವರ ವಾದ.

"ಮಾಡ್ರಿ, ಯಾರು ಬ್ಯಾಡ ಅಂದ್ರು? ಹಣಿಗೆ ಹಚ್ರಿ. ಈ ತೂತೆಲ್ಲಾ ಅದರ ಮೂಗು. ಮೂಗಿನಾಗ ಯಾಕ ತುಂಬತೀರಿ?"

ಒಳಗಿನಿಂದ ಸಂಗಣ್ಣನ ಹೆಂಡತಿ ದೇವಕ್ಕ ನಗುವುದು ಕೇಳಿಸುತ್ತದೆ.

ಮಹಾದೇವಿಗೆ ಈಗ ನಲವತ್ತರ ಹತ್ತಿರ. ಕುಷ್ಟಗಿ ತಾಲ್ಲೂಕಿನ ಹಳ್ಳಿಯವರು, ಓದಿದ್ದು ಏಳನೆಯ ತರಗತಿ. ಗಂಡ ಮುತ್ತಣ್ಣ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಬಂದಾಗ ಜೊತೆಗೆ ಬಂದವರು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸ್ವಚ್ಛತೆಯ ಕೆಲಸಕ್ಕೆ ಸೇರಿದರು. ನೆಲ ಒರೆಸುವುದರಿಂದ ಮೇಲಕ್ಕೆ ಮೇಜು ಒರೆಸುವುದು, ಅಲ್ಲಿಂದ ಕೀಬೋರ್ಡು ಒರೆಸುವುದು. ಕೀಗಳ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಪುಡಿ, ಚಿಪ್ಸಿನ ಚೂರು, ಉಗುರಿನ ತುಂಡುಗಳನ್ನು ತೆಗೆಯುತ್ತಾ ತೆಗೆಯುತ್ತಾ ಆಕೆಗೆ ಒಂದು ಕುತೂಹಲ ಅಂಟಿಕೊಂಡಿತು. ಮೇಲೆಯೇ ಇಷ್ಟು ಕಸ ಇದ್ದರೆ ಒಳಗೆ ಎಷ್ಟಿರಬೇಕು?

ಕಂಪನಿಯ ಯಂತ್ರಗಳನ್ನು ನೋಡಿಕೊಳ್ಳುವ ಮಲ್ಲಿಕ್ ಎಂಬುವವರು ಒಂದು ದಿನ ಪೆಟ್ಟಿಗೆ ಬಿಚ್ಚಿ ಕೂತಿದ್ದಾಗ ಮಹಾದೇವಿ ಬಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟರು. ಅವರು ಗದರಲಿಲ್ಲ. "ನೋಡಿ ಅಕ್ಕ, ಮೊದ್ಲು ಪ್ಲಗ್ ಕೀಳ್ಬೇಕು. ಆಮೇಲೆ ಕಬ್ಬಿಣ ಮುಟ್ಬೇಕು. ಮೈಯಲ್ಲಿರೋ ಕರೆಂಟು ಇಳಿದುಹೋಗುತ್ತೆ" ಅಂದರು. ಟೀ ಹೊತ್ತಿನ ಆ ಪಾಠ ಎರಡು ವರ್ಷ ನಡೆಯಿತು. ಕಂಪನಿ ಹಳೆಯ ಯಂತ್ರಗಳನ್ನು ಹೊರಹಾಕಿದಾಗ ಮಹಾದೇವಿ ಒಂದನ್ನು ಮನೆಗೆ ತಂದರು. ಮೊದಲ ಭಾನುವಾರವೇ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಹಚ್ಚಿದರೆ ಸ್ವಲ್ಪ ಹೊತ್ತು ಉರಿದು ಆರಿಹೋಗುತ್ತದೆ, ಮತ್ತೆ ಹಚ್ಚಿದರೆ ಮತ್ತೆ ಆರುತ್ತದೆ. ಮುತ್ತಣ್ಣ ಚಾಪೆಯ ಮೇಲೆ ಮಲಗಿ ನೋಡುತ್ತಿದ್ದವರು, "ಇದಕ್ಕೂ ನನ್ನಂಗ ಮಧ್ಯಾಹ್ನ ನಿದ್ದಿ ಬೇಕನಸ್ತೈತಿ" ಅಂದರಂತೆ. ಸಂಜೆಯ ಹೊತ್ತಿಗೆ ಗೊತ್ತಾಯಿತು, ಫ್ಯಾನಿನ ತಂತಿಯನ್ನು ಮರಳಿ ಸಿಕ್ಕಿಸಿರಲೇ ಇಲ್ಲ!

"ಅವತ್ತಿನಿಂದ ಬಿಚ್ಚೂಮುಂದ ಒಂದ್ ಸಲ ಫೋಟೋ ಹೊಡಕೊಂಡ ಬಿಡತೀನ್ರಿ ಮೊಬೈಲಿನಾಗ" ಎಂದು ಈಗಲೂ ಅದನ್ನು ನೆನೆದು ನಗುತ್ತಾರೆ.

ಈಗ ಈ ಸಾಲುಮನೆಗಳಲ್ಲಿ ಕಂಪ್ಯೂಟರು ಅಪರೂಪವಲ್ಲ. ಕಂಪನಿಗಳು ಬಿಟ್ಟದ್ದು ಪೇಟೆಯ ಹಳೆ ಸಾಮಾನಿನ ಅಂಗಡಿಗೆ ಬರುತ್ತದೆ, ಅಲ್ಲಿಂದ ಕೋಣೆಗಳಿಗೆ ಬರುತ್ತದೆ. ವಾರಕ್ಕೆ ಏಳೆಂಟು ಮನೆಯವರು ಮಹಾದೇವಕ್ಕನನ್ನು ಕರೆಯುತ್ತಾರೆ. ಕಂಪನಿಯ ಕೆಲಸಕ್ಕೆ ಹೊರಡುವ ಮುಂಚೆ ಒಂದು ಮನೆ, ಭಾನುವಾರ ಎರಡು ಮೂರು. ಕಾಯಿಲೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಧೂಳು ಕೂರಬಾರದೆಂದು ಕಸೂತಿಯ ಮುಸುಕು ಹೊದಿಸುತ್ತಾರೆ, ಹಚ್ಚುವಾಗ ತೆಗೆಯುವುದನ್ನು ಮರೆಯುತ್ತಾರೆ, ಯಂತ್ರ ಬೆಂದುಹೋಗುತ್ತದೆ. ಮದುವೆಯ ಫೋಟೋ ಇರುವ ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಗಿ ಬೀದಿಗೆಲ್ಲ ವೈರಸ್ ಹಂಚುತ್ತದೆ. "ಹೊರಗಿಂದ ಬಂದವರು ಕಾಲು ತೊಳಕೊಂಡು ಒಳಗ ಬರ್ತಾರಿಲ್ರಿ? ಪೆನ್‌ಡ್ರೈವೂ ಹಂಗ. ಮೊದಲ ಪರೀಕ್ಷಾ ಮಾಡ್ರಿ, ಆಮ್ಯಾಲೆ ತಗೀರಿ" ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಬೇಕಾದ ಫೋಟೋಗಳನ್ನು ಇನ್ನೊಂದು ಕಡೆ ನಕಲು ಮಾಡಿಡಿ ಅನ್ನುತ್ತಾರೆ. ಯಂತ್ರ ಅಪ್‌ಡೇಟ್ ಕೇಳಿದರೆ ಬೈಯಬೇಡಿ, ಮಾಡಿಕೊಳ್ಳಲು ಬಿಡಿ ಅನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಮನೆದೇವರದ್ದು. ಪಾಸ್‌ವರ್ಡ್ ಏನಿಡಲಿ ಎಂದರೆ ಇಲ್ಲಿಯ ಮಂದಿಗೆ ಮೊದಲು ಹೊಳೆಯುವುದು ಮನೆದೇವರ ಹೆಸರು. ದೇವರೇ ಕಾಯುವಾಗ ಇನ್ನೇನು ಭಯ? ಸಂಗಣ್ಣ, ದೇವಕ್ಕನ ಪಾಸ್‌ವರ್ಡೂ ವೀರಭದ್ರನೇ ಆಗಿತ್ತು. ಅದೇ ವೀರಭದ್ರನ ಚಿತ್ರ ಪರದೆಯ ಅಂಚಿಗೆ ಅಂಟಿತ್ತು, ಬಾಗಿಲ ಮೇಲೂ ಅವನೇ, ಕ್ಯಾಲೆಂಡರಿನಲ್ಲೂ ಅವನೇ. ಹೋದ ಬೇಸಿಗೆಯಲ್ಲಿ ಯಾರೋ ದೇವಕ್ಕನ ಇಮೇಲಿನೊಳಗೆ ಹೊಕ್ಕು, ಊರಿನ ಭಾವನಿಗೆ ಅರ್ಜೆಂಟಾಗಿ ದುಡ್ಡು ಹಾಕು ಎಂದು ಬರೆದಿದ್ದರು. ಭಾವ ಫೋನು ಮಾಡಿ ಕೇಳಿದ್ದರಿಂದ ದುಡ್ಡು ಉಳಿಯಿತು.

"ದೇವರನ್ನ ಕಾವಲಿಗೆ ನಿಲ್ಲಸ್ರಿ, ಕೀಲಿ ಮಾಡಬ್ಯಾಡ್ರಿ" ಎಂದು ಮಹಾದೇವಿ ಅಂದು ದೇವಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ತಗೊಳ್ಳಿ, ನಿಮಗೊಬ್ಬರಿಗೇ ಗೊತ್ತಿರುವಂಥವು. ನಡುವೆ ಅಂಕಿ ಸೇರಿಸಿ ಪೋಣಿಸಿ. ಯಾರು ಕೇಳಿದರೂ ಹೇಳಬೇಡಿ.

ಇಷ್ಟೆಲ್ಲ ಹೇಳಿಕೊಡುವ ಮಹಾದೇವಿ ಒಂದು ಕಾಗದ ಬರೆಯಲು ಮಾತ್ರ ಯುಗಾದಿಯಿಂದ ಹಿಂದೆಮುಂದೆ ನೋಡುತ್ತಿದ್ದಾರೆ. ಇದೇ ಬೀದಿಯ ತುದಿಯಲ್ಲಿ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ, ಅಂಜನಮ್ಮ ಹೊಲಿಗೆ ಕಲಿಸುವ ಕೇಂದ್ರ ನಡೆಸುತ್ತಾರೆ. ಅಲ್ಲೊಂದು ಕೋಣೆ ಖಾಲಿ ಇದೆ. ಕಂಪನಿಯೊಂದು ಐದು ಹಳೆಯ ಕಂಪ್ಯೂಟರು ಕೊಡಲು ಒಪ್ಪಿದೆ, ಬೀದಿಯ ಹೆಂಗಸರಿಗೆ ಕಲಿಸಲಿ ಎಂದು. ಆದರೆ ಅದರ ಹೊಣೆ ಹೊತ್ತ ಐಶ್ವರ್ಯಾ ಎಂಬುವವರ ಷರತ್ತು ಒಂದೇ. ಯಂತ್ರಗಳನ್ನು ನೋಡಿಕೊಂಡು ಪಾಠ ಹೇಳುವವರು ಯಾರೋ, ಅವರೇ ತಮ್ಮ ಮಾತಿನಲ್ಲಿ ಇಮೇಲ್ ಕಾಗದ ಬರೆದು ಒಪ್ಪಿಕೊಳ್ಳಬೇಕು. ಇವತ್ತು ಶನಿವಾರ, ಕೊನೆಯ ದಿನ.

ಹಾಲಿನ ಪ್ಯಾಕೆಟ್ಟು ಹಿಡಿದು ಅದೇ ಹೊತ್ತಿಗೆ ಅಂಜನಮ್ಮ ಸಂಗಣ್ಣನ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಹೆಬ್ಬಗೋಡಿಯವರೇ, ಮಾತು ಚುರುಕು.

"ಏನೇ ಮಾದೇವಿ, ಬರೆದ್ಯಾ ಇಲ್ವಾ? ಯುಗಾದಿ ಹೋಯ್ತು, ಗೌರಿ ಬಂದು ಹೋದ್ಲು, ದಸರಾನೂ ಆಯ್ತು. ಇನ್ನ ಸಂಕ್ರಾಂತಿಗೆ ಎಳ್ಳು ಜೊತೆ ಕಳಿಸ್ತೀಯಾ?"

"ಬರೀತೀನ್ರಿ ಅಮ್ಮಾ..."

"ಸಂಜೆವರ್ಗೂ ಕಾಯ್ತಾರಂತೆ ಕಣೆ ಆ ಮೇಡಂ. ಬರ್ಲಿಲ್ಲ ಅಂದ್ರೆ ವರ್ತೂರ್ ಕಡೆ ಯಾರೋ ಕೇಳ್ತಾವ್ರೆ, ಅವ್ರಿಗೆ ಕೊಟ್ಬಿಡ್ತಾರೆ. ಆಮೇಲೆ ನನ್ನತ್ರ ಬಂದು ಅತ್ರೆ ನಾನು ಲಂಗ ಹೊಲ್ಯೋದ್ ಹೇಳ್ಕೊಡ್ತೀನಿ, ಅಷ್ಟೆ."

ಅಂಜನಮ್ಮ ಹೋದ ಮೇಲೆ ಮಹಾದೇವಿ ರ್‍ಯಾಮ್ ಎಂಬ ನೆನಪಿನ ಪಟ್ಟಿಯನ್ನು ಕಳಚಿ, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜುತ್ತಾರೆ. ಕೈ ನಿಲ್ಲುವುದಿಲ್ಲ, ದನಿ ತಗ್ಗುತ್ತದೆ.

"ಯಂತ್ರದಾಗ ನಾ ತಪ್ಪು ಮಾಡಿದ್ರ ಮತ್ತ ಬಿಚ್ಚಿ ಸರಿ ಮಾಡಬಹುದ್ರಿ. ಹತ್ತು ಮಂದಿ ಹೆಣ್ಮಕ್ಕಳಿಗೆ ತಪ್ಪು ಹೇಳಿಕೊಟ್ರ? ಅವರ ತಲಿ ಬಿಚ್ಚಾಕ ಬರತೈತೇನು? ನಾ ಹೇಳಿದ್ದು ನಂಬಿ ಯಾರರ ಮೋಸ ಹೋದ್ರ ಅದು ನನ್ನ ತಲಿಮ್ಯಾಲ. ಏಳನೇತ್ತ ಓದಿದಾಕಿ ನಾನು."

ಪಟ್ಟಿ ಟಕ್ಕೆಂದು ತನ್ನ ಜಾಗಕ್ಕೆ ಕೂರುತ್ತದೆ. ಮುಚ್ಚಳ ಹಾಕುವ ಮುಂಚೆ ಮೊಬೈಲಿನ ಫೋಟೋ ನೋಡಿ ತಂತಿಗಳನ್ನೆಲ್ಲ ತಾಳೆ ಹಾಕುತ್ತಾರೆ. ಪ್ಲಗ್ಗು ಹಾಕಿ ಗುಂಡಿ ಒತ್ತಿದರೆ ಒಂದು ಸಣ್ಣ ಪೀಂ ಸದ್ದು. ಫ್ಯಾನು ತಿರುಗುತ್ತದೆ. ಪರದೆ ಬೆಳಗುತ್ತದೆ!

"ಬಂತ್ ನೋಡ್ರೀ ಜೀವಾ!" ಸಂಗಣ್ಣ ಪಂಪನ್ನು ಕತ್ತಿಯಂತೆ ಎತ್ತಿ ಹಿಡಿಯುತ್ತಾರೆ. ದೇವಕ್ಕ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬರುತ್ತಾರೆ.

ಇಂಟರ್ನೆಟ್ಟೂ ಸರಿಯಿದೆಯೇ ಎಂದು ನೋಡದೆ ಮಹಾದೇವಿ ಯಾವ ಮನೆಯಿಂದಲೂ ಏಳುವುದಿಲ್ಲ. ಡೇಟಾ ಕಾರ್ಡು ಸಿಕ್ಕಿಸಿ, ದೇವಕ್ಕನ ಇಮೇಲಿನ ಪುಟ ತೆರೆದು, ಅಭ್ಯಾಸದಂತೆ ಕೇಳುತ್ತಾರೆ.

"ಪಾಸ್‌ವರ್ಡ್ ಏನಿಟ್ಟೀರಿ ದೇವಕ್ಕಾ? ಹೇಳ್ರಿ, ಹಾಕತೀನಿ."

ದೇವಕ್ಕ ಕೈ ಒರೆಸಿಕೊಳ್ಳುತ್ತಾರೆ. ಮಹಾದೇವಿಯನ್ನೂ ಗಂಡನನ್ನೂ ನೋಡುತ್ತಾರೆ. "ಸ್ವಲ್ಪ ಪಕ್ಕಕ್ಕ ಸರೀರಿ ಅಕ್ಕಾ. ಮುಖ ಆ ಕಡೆ ಮಾಡ್ರಿ."

"ಏ, ಏನ್ ಮಾತಾಡ್ತಿ?" ಸಂಗಣ್ಣನಿಗೆ ಗಾಬರಿ. "ಯಂತ್ರಾ ರಿಪೇರಿ ಮಾಡಿದಾಕಿ ಅಕ್ಕ! ಆಕಿಗೆ ಹೇಳಾಕ ಏನಾಗೇತಿ ನಿನಗ?"

"ಯಾರು ಕೇಳಿದ್ರೂ ಹೇಳಬ್ಯಾಡ ಅಂತ ಅಕ್ಕಾನ ಹೇಳ್ಯಾರ."

"ನನಗರ ಹೇಳು, ಗಂಡ ಅದೀನಿ."

"ನಿಮಗ ಹೇಳಿದ್ರ ಮೊದಲನೇ ಪಾಳಿ ಮುಗಿಯೂದ್ರಾಗ ಇಡೀ ಕಾರ್ಖಾನಿಗೆ ಗೊತ್ತಾಗತೈತಿ. ನೀವೂ ಆ ಕಡೆ ತಿರಗ್ರಿ."

ಮಹಾದೇವಿ ಮೊದಲು ಬಾಯಿ ತೆರೆದು ನೋಡುತ್ತಾರೆ. ಆಮೇಲೆ ಗೋಡೆಯ ಕಡೆ ತಿರುಗಿ ಕೂರುತ್ತಾರೆ. ಸಂಗಣ್ಣನೂ ತಿರುಗಬೇಕಾಗುತ್ತದೆ. ಹಿಂದೆ ಒಂದೊಂದೇ ಕೀ ಒತ್ತುವ ಸದ್ದು, ನಿಧಾನ, ಆದರೆ ಎಲ್ಲೂ ತಡವರಿಸದ ಸದ್ದು.

"ತಿರಗ್ರಿ ಈಗ" ಅನ್ನುತ್ತಾರೆ ದೇವಕ್ಕ. ಇಮೇಲು ತೆರೆದಿದೆ. ಅವರು ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. "ಇದನ್ನ ನಿಮಗ ತೋರಸ್ಬೇಕಿತ್ರಿ. ಹಬ್ಬದ ಹಿಂದಿನ ದಿನ ಬಂತು. ಖಾತೆ ಬಂದ್ ಆಗತೈತಿ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡ್ರಿ ಅಂತ. ನಾ ಒತ್ತಲಿಲ್ಲ. ಮನಿ ಮಾಲಕ ಬಾಡಗಿ ಕೇಳತಾನ, ನಮ್ಮ ಟ್ರಂಕಿನ ಕೀಲಿ ಕೇಳತಾನೇನು? ಮೂಲಿಮನಿ ಶರಣಮ್ಮಗೂ ಇಂಥದ ಬಂದಿತ್ತಂತ. ಒತ್ತಾಕ ಹೊಂಟಿದ್ಲು. ಬೆರಳ ಹಿಡದು ಕೂತು ಎಲ್ಲಾ ಹೇಳಿಕೊಟ್ಟು ಬಂದೆ. ತಪ್ಪೇನ್ರೀ?"

ತಪ್ಪೇನು ಎಂದು ಕೇಳುವ ದೇವಕ್ಕನ ಮುಖವನ್ನು ಮಹಾದೇವಿ ನೋಡುತ್ತಲೇ ಇರುತ್ತಾರೆ. ಆ ಟ್ರಂಕಿನ ಕೀಲಿಯ ಮಾತು ತಾವು ಹೇಳಿಕೊಟ್ಟದ್ದಲ್ಲ. ಅದು ದೇವಕ್ಕನೇ ಕಟ್ಟಿಕೊಂಡದ್ದು. ಶರಣಮ್ಮನ ಮನೆಗೆ ಮಹಾದೇವಿ ಇನ್ನೂ ಕಾಲೇ ಇಟ್ಟಿಲ್ಲ.

"ಇಲ್ರೀ, ತಪ್ಪಿಲ್ಲ" ಅನ್ನುವಷ್ಟರಲ್ಲಿ ನಗು ಬಂದುಬಿಡುತ್ತದೆ. ಕೂತಲ್ಲೇ ಮೈಯೆಲ್ಲ ಅಲುಗಾಡಿ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಗು. ಕಾರ್ಖಾನೆಯ ವ್ಯಾನು ಬೀದಿಯಲ್ಲಿ ಹಾರ್ನು ಹೊಡೆಯುತ್ತದೆ. ಸಂಗಣ್ಣ ಹಣೆಯ ಪುಡಿಯನ್ನೂ ಒರೆಸಿಕೊಳ್ಳದೆ ಓಡುತ್ತಾರೆ. ದೇವಕ್ಕ ಚಹಾ ಅನ್ನುತ್ತಾರೆ, ರೊಟ್ಟಿ ಅನ್ನುತ್ತಾರೆ. ಮಹಾದೇವಿಗೆ ಏನೂ ಬೇಡ. ಕುಂಚ, ರಬ್ಬರು, ಸ್ಕ್ರೂಡ್ರೈವರು ಚೀಲಕ್ಕೆ ತುಂಬಿಕೊಂಡು, ಪಂಪನ್ನು ಅಲ್ಲೇ ಮರೆತು, ಬೀದಿಯಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಮನೆ ಸೇರುತ್ತಾರೆ.

ಮುತ್ತಣ್ಣನಿಗೆ ಇವತ್ತು ಕೆಲಸವಿಲ್ಲ. "ಯಾಕ, ನಾಯಿ ಬೆನ್ನಟ್ಟಿತೇನು?" ಅನ್ನುತ್ತಾರೆ.

"ಸುಮ್ನಿರ್ರಿ. ಬರೀಬೇಕು."

ಮಹಾದೇವಿ ತಮ್ಮ ಯಂತ್ರದ ಮುಂದೆ ಕೂರುತ್ತಾರೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಪರದೆಯ ಮೇಲೆ ಕನ್ನಡವಾಗಿ ಮೂಡುವ ಸೌಲಭ್ಯ ಈಗ ಇಮೇಲಿನಲ್ಲೇ ಇದೆ. ಯುಗಾದಿಯಿಂದ ಎಷ್ಟೋ ಸಲ ಬರೆದು ಅಳಿಸಿದ ಜಾಗದಲ್ಲಿ ಈ ಸಲ ಸಾಲಿನ ಹಿಂದೆ ಸಾಲು ಬರುತ್ತದೆ. ಮುತ್ತಣ್ಣ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಓದುತ್ತಾರೆ.

"ಐಶ್ವರ್ಯಾ ಮೇಡಂ ಅವರಿಗೆ ಹೆಬ್ಬಗೋಡಿಯ ಮಹಾದೇವಿ ಮಾಡುವ ನಮಸ್ಕಾರಗಳು. ತಡವಾಯಿತು, ಸಿಟ್ಟಾಗಬೇಡಿ. ಐದು ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ, ಪಾಠವನ್ನೂ ಹೇಳುತ್ತೇನೆ. ನನಗೆ ಎಲ್ಲ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಕೇಳಿ ತಿಳಿದುಕೊಂಡು ಬಂದು ಮತ್ತೆ ಹೇಳುತ್ತೇನೆ. ಮೊದಲನೆಯ ದಿನ ಪಾಸ್‌ವರ್ಡಿನ ಪಾಠ. ಅದನ್ನು ನಾನು ಮಾಡುವುದಿಲ್ಲ, ದೇವಕ್ಕ ಎಂಬುವವರು ಮಾಡುತ್ತಾರೆ. ಅವರು ನನಗಿಂತ ಗಟ್ಟಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ."

ಮುತ್ತಣ್ಣ ಓದುವುದನ್ನು ನಿಲ್ಲಿಸುತ್ತಾರೆ. "ದೇವಕ್ಕನ್ನ ಕೇಳಿಯೇನು?"

"ಇಲ್ಲ."

"ಕೇಳದ ಬರದಿಯಾ?"

"ಕೇಳಿದ್ರ ಒಲ್ಲೆ ಅಂತಾಳ, ನನ್ನಂಗ. ಮೊದಲ ಇದು ಹೋಗಲಿ."

ಮಹಾದೇವಿ ಗುಂಡಿ ಒತ್ತುತ್ತಾರೆ. ಡೇಟಾ ಕಾರ್ಡಿನ ದೀಪ ಮಿಣುಕುತ್ತದೆ. ಪರದೆಯ ಮೇಲಿನ ಚಕ್ರ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಗಂಡಹೆಂಡಿರಿಬ್ಬರೂ ಅದನ್ನೇ ನೋಡುತ್ತಾರೆ. ಚಕ್ರ ಮಾಯವಾಗಿ, ಕಾಗದ ಕಳುಹಿಸಲಾಗಿದೆ ಎಂಬ ಒಂದು ಸಣ್ಣ ಸಾಲು ಮೂಡುತ್ತದೆ.

"ಹೋತು!" ಅನ್ನುತ್ತಾರೆ ಮಹಾದೇವಿ.